ರಾಜ್ಯಮಟ್ಟದ ಪಾರ್ಶ್ವವಾಯು ಆರೈಕೆ ವ್ಯವಸ್ಥೆ

ರಾಜ್ಯಮಟ್ಟದ ಪಾರ್ಶ್ವವಾಯು ಆರೈಕೆ ವ್ಯವಸ್ಥೆ ಎಂದರೆ ಪಾರ್ಶ್ವವಾಯು ಬಂದ ರೋಗಿಯನ್ನು ಗುರುತಿಸುವುದು, ತಕ್ಕ ಆಸ್ಪತ್ರೆಗೆ ಸಾಗಿಸುವುದು, ತುರ್ತು ಚಿಕಿತ್ಸೆ ಕೊಡುವುದು, ಪುನಶ್ಚೇತನ ಒದಗಿಸುವುದು, ಕಾಯಿಲೆ ಮರುಕಳಿಸದಂತೆ ತಡೆಯುವುದು ಇವೆಲ್ಲವನ್ನೂ ಒಂದು ರಾಜ್ಯದ ಅಥವಾ ಪ್ರಾಂತ್ಯದ ಆರೋಗ್ಯಾಡಳಿತ ಒಂದೇ ನೀತಿಗೆ ಒಳಪಡಿಸಿ ನಡೆಸುವ ಏರ್ಪಾಡು. ಆಡುಮಾತಿನಲ್ಲಿ ಲಕ್ವ, ಸ್ಟ್ರೋಕ್ ಎನ್ನುವ ಈ ಕಾಯಿಲೆ ಮಿದುಳಿನ ರಕ್ತನಾಳಗಳಿಗೆ ಸಂಬಂಧಿಸಿದ್ದು. ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ರಕ್ತ ಹರಿಯದೆ ಆಗುವುದು ತಡೆ ಪಾರ್ಶ್ವವಾಯು. ನಾಳ ಒಡೆದು ರಕ್ತ ಸೋರುವುದರಿಂದ ಆಗುವುದು ರಕ್ತಸ್ರಾವದ ಪಾರ್ಶ್ವವಾಯು. ಮುಖದ ನರವೊಂದೇ ಸೋತು ಬಾಯಿ ಸೊಟ್ಟಗಾಗುವ ಬೆಲ್ಸ್ ಪಾಲ್ಸಿಯನ್ನೂ ಜನ ಲಕ್ವ ಎನ್ನುವುದುಂಟು. ಅದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಇಲ್ಲಿ ‘ಕರಗಿಸುವ ಚಿಕಿತ್ಸೆ’ ಎಂದರೆ ರಕ್ತನಾಳಕ್ಕೆ ಔಷಧ ಕೊಟ್ಟು ಹೆಪ್ಪನ್ನು ಕರಗಿಸುವುದು. ‘ಥ್ರಾಂಬೆಕ್ಟಮಿ’ ಎಂದರೆ ತೊಡೆಯ ಅಥವಾ ಕೈಯ ರಕ್ತನಾಳದಿಂದ ತೂರಿಸಿದ ಸಣ್ಣ ನಳಿಕೆಯ ಮೂಲಕ ಹೆಪ್ಪನ್ನು ಹೊರಗೆಳೆಯುವುದು. ‘ಪಾರ್ಶ್ವವಾಯು ಘಟಕ’ ಎಂದರೆ ಈ ರೋಗಿಗಳಿಗೆಂದೇ ತರಬೇತಾದ ವೈದ್ಯರು, ನರ್ಸ್‌ಗಳು, ಫಿಸಿಯೋಥೆರಪಿ ಮತ್ತು ಮಾತಿನ ಚಿಕಿತ್ಸಕರು ಒಟ್ಟಾಗಿ ಕೆಲಸ ಮಾಡುವ ವಾರ್ಡು.

ಇದಕ್ಕೆ ಒಂದು ಆಸ್ಪತ್ರೆಯ ಜಾಣ್ಮೆ ಸಾಲದೆ ರಾಜ್ಯದ ನೀತಿಯೇ ಬೇಕಾಗುವುದಕ್ಕೆ ಕಾರಣ ಕಾಯಿಲೆಯ ಸ್ವರೂಪದಲ್ಲೇ ಇದೆ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಪ್ರಕಟವಾದ ಲೆಕ್ಕವೊಂದು ಅಂದಾಜಿಸಿದೆ. ಆ ನಿಮಿಷಗಳಲ್ಲಿ ಹೆಚ್ಚಿನವು ಹಾಳಾಗುವುದು ಆಸ್ಪತ್ರೆಯ ಒಳಗಲ್ಲ. ಮನೆಗೂ ಆಂಬ್ಯುಲೆನ್ಸಿಗೂ ನಡುವೆ, ಮೊದಲ ಆಸ್ಪತ್ರೆಗೂ ಎರಡನೆಯದಕ್ಕೂ ನಡುವೆ ಅವು ಸೋರಿಹೋಗುತ್ತವೆ. ಈ ನಡುವಣ ಜಾಗಕ್ಕೆ ಯಾವ ಆಸ್ಪತ್ರೆಯೂ ಹೊಣೆಯಲ್ಲ. ಆಂಬ್ಯುಲೆನ್ಸ್ ಎಲ್ಲಿಗೆ ಹೋಗಬೇಕು, ಯಾವ ಆಸ್ಪತ್ರೆ ಯಾವ ಚಿಕಿತ್ಸೆಗೆ ಸಿದ್ಧ ಎಂದು ಹೇಳಿಕೊಳ್ಳಬಹುದು, ಫಲಿತಾಂಶವನ್ನು ಯಾರಿಗೆ ವರದಿ ಮಾಡಬೇಕು ಎಂಬ ಮೂರನ್ನೂ ಕಟ್ಟಳೆಯಾಗಿ ವಿಧಿಸುವ ಅಧಿಕಾರ ಇರುವುದು ಸರ್ಕಾರಕ್ಕೆ.

ಹುಟ್ಟು

1995ರವರೆಗೆ ತಡೆ ಪಾರ್ಶ್ವವಾಯುವಿಗೆ ಅವಸರದ ಚಿಕಿತ್ಸೆ ಎಂಬುದೇ ಇರಲಿಲ್ಲ. ಅವಸರವಿಲ್ಲದ ಕಡೆ ವ್ಯವಸ್ಥೆಯ ಅಗತ್ಯವೂ ಕಾಣುವುದಿಲ್ಲ. ಆ ವರ್ಷ ಅಮೆರಿಕದ ರಾಷ್ಟ್ರೀಯ ನರರೋಗ ಸಂಸ್ಥೆ 624 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಹೊರಬಂತು. ಕಾಯಿಲೆ ಶುರುವಾದ 3 ಗಂಟೆಯೊಳಗೆ ಆಲ್ಟೆಪ್ಲೇಸ್ ಎಂಬ ಔಷಧ ಕೊಟ್ಟರೆ ಅಂಗವೈಕಲ್ಯವಿಲ್ಲದೆ, ಅಥವಾ ಅಲ್ಪ ವೈಕಲ್ಯದೊಡನೆ ಚೇತರಿಸಿಕೊಳ್ಳುವವರ ಪ್ರಮಾಣ ಹೆಚ್ಚುತ್ತದೆ ಎಂದು ಅದು ತೋರಿಸಿತು. 1996ರಲ್ಲಿ ಆ ದೇಶದ ಔಷಧ ನಿಯಂತ್ರಕರು ಅನುಮತಿ ಕೊಟ್ಟರು. 2008ರಲ್ಲಿ ಯುರೋಪಿನ ಇನ್ನೊಂದು ಪ್ರಯೋಗ ಈ ಅವಧಿಯನ್ನು 4.5 ಗಂಟೆಗೆ ವಿಸ್ತರಿಸಿತು. ಔಷಧವೇನೋ ಬಂತು, ಆದರೆ ಅದನ್ನು ಪಡೆಯುವಷ್ಟು ಬೇಗ ಆಸ್ಪತ್ರೆ ಮುಟ್ಟಿದವರು ಬೆರಳೆಣಿಕೆಯಷ್ಟಾದರು. ಕೊರತೆ ಇದ್ದದ್ದು ವಿಜ್ಞಾನದಲ್ಲಲ್ಲ, ಏರ್ಪಾಡಿನಲ್ಲಿ ಎಂಬುದು ಅಲ್ಲಿಂದ ಮುಂದೆ ಸ್ಪಷ್ಟವಾಗುತ್ತ ಹೋಯಿತು.

ಕೆನಡಾದ ಒಂಟಾರಿಯೊ ಪ್ರಾಂತ್ಯ 2000ದಲ್ಲಿ ತನ್ನ ಪಾರ್ಶ್ವವಾಯು ಕಾರ್ಯತಂತ್ರವನ್ನು ಪ್ರಕಟಿಸಿತು. ಅದೇ ವರ್ಷ ಅಮೆರಿಕದಲ್ಲಿ ವೃತ್ತಿಸಂಘಟನೆಗಳ ಒಕ್ಕೂಟವೊಂದು ‘ಪ್ರಾಥಮಿಕ ಪಾರ್ಶ್ವವಾಯು ಕೇಂದ್ರ’ಕ್ಕೆ ಇರಬೇಕಾದ ಲಕ್ಷಣಗಳನ್ನು ಗೊತ್ತುಮಾಡಿತು, 2003ರ ಕೊನೆಯಲ್ಲಿ ಅಂಥ ಕೇಂದ್ರಗಳಿಗೆ ಪ್ರಮಾಣಪತ್ರ ಕೊಡುವುದು ಆರಂಭವಾಯಿತು. ಜಾರ್ಜಿಯಾ ರಾಜ್ಯದ ಸೆನೆಟರ್ ಪಾಲ್ ಕವರ್ಡೆಲ್ 2000ದ ಜುಲೈಯಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡ ಮೇಲೆ, ಅವರ ಹೆಸರಿನ ರಾಷ್ಟ್ರೀಯ ದಾಖಲೆ ಯೋಜನೆಗೆ 2001ರಲ್ಲಿ ಅಮೆರಿಕದ ಸಂಸತ್ತು ಹಣ ಒದಗಿಸಿತು. ಮುಂದೆ ಈ ಹಣ ರಾಜ್ಯಗಳ ಆರೋಗ್ಯ ಇಲಾಖೆಗಳ ಕಡೆಗೆ ಹೋಯಿತು ಎಂಬುದು ಮುಖ್ಯ. ತನ್ನ ಆಸ್ಪತ್ರೆಗಳಲ್ಲಿ ಎಷ್ಟು ಜನಕ್ಕೆ, ಎಷ್ಟು ನಿಮಿಷದಲ್ಲಿ, ಏನು ಸಿಕ್ಕಿತು ಎಂದು ಲೆಕ್ಕ ಇಡುವ ಅಭ್ಯಾಸ ರಾಜ್ಯಕ್ಕೆ ಬಂದದ್ದು ಹೀಗೆ. 2004ರಲ್ಲಿ ಫ್ಲಾರಿಡಾ ಮತ್ತು ನ್ಯೂಜೆರ್ಸಿ ಪಾರ್ಶ್ವವಾಯು ಕೇಂದ್ರಗಳ ಬಗ್ಗೆಯೇ ಕಾನೂನು ಮಾಡಿದವು. ಯಾವ ಆಸ್ಪತ್ರೆಗಳು ಅರ್ಹ ಎಂಬ ಪಟ್ಟಿಯನ್ನು ಸರ್ಕಾರವೇ ಆಂಬ್ಯುಲೆನ್ಸ್ ಸೇವೆಗಳಿಗೆ ಕೊಡಬೇಕು ಎಂದು ಫ್ಲಾರಿಡಾದ ಕಾನೂನು ವಿಧಿಸಿತು.

2015ರಲ್ಲಿ ಪ್ರಕಟವಾದ ಐದು ಪ್ರಯೋಗಗಳು ಥ್ರಾಂಬೆಕ್ಟಮಿಯ ಪ್ರಯೋಜನವನ್ನು ನಿಸ್ಸಂದೇಹವಾಗಿ ಸಾಬೀತುಮಾಡಿದವು. 2018ರ ಎರಡು ಪ್ರಯೋಗಗಳು, ಮಿದುಳಿನ ಚಿತ್ರದಲ್ಲಿ ಉಳಿಸಿಕೊಳ್ಳಬಹುದಾದ ಭಾಗ ಕಂಡವರಿಗೆ, ಒಂದರಲ್ಲಿ 16 ಗಂಟೆಯವರೆಗೂ ಇನ್ನೊಂದರಲ್ಲಿ 24 ಗಂಟೆಯವರೆಗೂ ಅದು ಫಲಕಾರಿ ಎಂದು ತೋರಿಸಿದವು. ವ್ಯವಸ್ಥೆಯ ಪ್ರಶ್ನೆ ಇದರಿಂದ ಇನ್ನಷ್ಟು ಜಟಿಲವಾಯಿತು. ಔಷಧವನ್ನು ಸಣ್ಣ ಆಸ್ಪತ್ರೆಯಲ್ಲೂ ಕೊಡಬಹುದು. ಥ್ರಾಂಬೆಕ್ಟಮಿಗೆ ನಳಿಕೆ ತೂರಿಸುವ ಸೌಲಭ್ಯವಿರುವ ಕ್ಯಾಥ್‌ಲ್ಯಾಬ್ ಮತ್ತು ಅದರಲ್ಲಿ ಪಳಗಿದ ತಜ್ಞರು ಹಗಲಿರುಳೂ ಇರಬೇಕು. ಎಲ್ಲರನ್ನೂ ದೊಡ್ಡ ಕೇಂದ್ರಕ್ಕೇ ಒಯ್ಯಬೇಕೆ, ಮೊದಲು ಹತ್ತಿರದಲ್ಲಿ ಔಷಧ ಕೊಟ್ಟು ಆಮೇಲೆ ಕಳಿಸಬೇಕೆ ಎಂಬ ಚರ್ಚೆ ಅಂದಿನಿಂದ ನಡೆದೇ ಇದೆ.

ರಚನೆ

ವ್ಯವಸ್ಥೆಯ ಮೊದಲ ಕೊಂಡಿ ಜನಸಾಮಾನ್ಯರು. ಬಾಯಿ ಒಂದು ಕಡೆಗೆ ಎಳೆದುಕೊಳ್ಳುವುದು, ಎತ್ತಿ ಹಿಡಿದ ಕೈ ತಾನೇ ಕೆಳಗಿಳಿಯುವುದು, ಮಾತು ತೊದಲುವುದು ಈ ಮೂರರಲ್ಲಿ ಒಂದು ದಿಢೀರನೆ ಕಂಡರೂ ತಡಮಾಡದೆ ಕರೆ ಮಾಡಬೇಕೆಂಬ ತಿಳಿವಳಿಕೆ ಹರಡಬೇಕು. ಎರಡನೆಯದು ಆಂಬ್ಯುಲೆನ್ಸ್. ಅದರ ಸಿಬ್ಬಂದಿ ಮನೆಯವರಿಂದ ತಿಳಿದುಕೊಳ್ಳಬೇಕಾದ ಒಂದು ವಿಷಯ ಉಳಿದೆಲ್ಲಕ್ಕಿಂತ ಮಹತ್ವದ್ದು: ರೋಗಿ ಸರಿಯಾಗಿದ್ದದ್ದನ್ನು ಕೊನೆಯ ಬಾರಿ ಯಾರು, ಎಷ್ಟು ಗಂಟೆಗೆ ನೋಡಿದರು? ಬೆಳಿಗ್ಗೆ 6ಕ್ಕೆ ಎದ್ದಾಗ ಕೈ ಆಡುತ್ತಿರಲಿಲ್ಲ ಎಂದರೆ ಗಡಿಯಾರ ಶುರುವಾದದ್ದು 6ಕ್ಕಲ್ಲ. ಹಿಂದಿನ ರಾತ್ರಿ ಅವರು ಮಲಗಿದ ಹೊತ್ತಿಗೆ. ಕೊನೆಗೆ ನೋಡಿದವರು ಆಂಬ್ಯುಲೆನ್ಸ್ ಹತ್ತದೆ ಮನೆಯಲ್ಲೇ ಉಳಿದರೆ ಈ ಮಾಹಿತಿಯೂ ಮನೆಯಲ್ಲೇ ಉಳಿಯುತ್ತದೆ. ಆದ್ದರಿಂದಲೇ ಅವರ ಫೋನ್ ಸಂಖ್ಯೆ ಬರೆದುಕೊಳ್ಳುವುದು ಒಳ್ಳೆಯ ವ್ಯವಸ್ಥೆಗಳಲ್ಲಿ ಕ್ರಮದ ಒಂದು ಭಾಗ. ದಾರಿಯಿಂದಲೇ ಆಸ್ಪತ್ರೆಗೆ ಮಾಡುವ ಕರೆ ಸಿ.ಟಿ. ಯಂತ್ರವನ್ನು ತೆರವಾಗಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ.

ಮೂರನೆಯ ಕೊಂಡಿ ತುರ್ತು ಚಿಕಿತ್ಸಾ ವಿಭಾಗ. ರಕ್ತದ ಸಕ್ಕರೆ ಕುಸಿದಾಗಲೂ ಪಾರ್ಶ್ವವಾಯುವಿನಂಥದೇ ಲಕ್ಷಣ ಕಾಣಬಹುದಾದ್ದರಿಂದ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ. ಸಿ.ಟಿ. ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ. ರಕ್ತದೊತ್ತಡ 185/110ಕ್ಕಿಂತ ಮೇಲಿದ್ದರೆ ಅದನ್ನು ಇಳಿಸಿದ ಮೇಲಷ್ಟೇ ಔಷಧ. ಆಲ್ಟೆಪ್ಲೇಸ್‌ನ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.9 ಮಿಲಿಗ್ರಾಂ, ಅದರ ಹತ್ತನೇ ಒಂದು ಭಾಗವನ್ನು ಒಮ್ಮೆಗೇ ಚುಚ್ಚಿ ಉಳಿದದ್ದನ್ನು ಒಂದು ಗಂಟೆ ಹನಿಸುತ್ತಾರೆ. ಈಚಿನ ಟೆನೆಕ್ಟೆಪ್ಲೇಸ್ ಒಂದೇ ಚುಚ್ಚುಮದ್ದಿನಲ್ಲಿ ಮುಗಿಯುತ್ತದೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರೋಗಿಯನ್ನು ಕಳಿಸಬೇಕಾದ ಕಡೆ ಇದೊಂದು ದೊಡ್ಡ ಅನುಕೂಲ.

ನಾಲ್ಕನೆಯ ಕೊಂಡಿಯಾದ ಪಾರ್ಶ್ವವಾಯು ಘಟಕದ ಬಗ್ಗೆ ನೀತಿ ರೂಪಿಸುವವರಿಗೆ ಆಸಕ್ತಿ ಕಡಿಮೆ. ಅಲ್ಲಿ ಉದ್ಘಾಟಿಸಬಹುದಾದ ಯಂತ್ರವೇನೂ ಇರುವುದಿಲ್ಲ. ಆದರೆ ಕರಗಿಸುವ ಚಿಕಿತ್ಸೆಗೆ ಅರ್ಹರಾದವರಿಗೂ ಅಲ್ಲದವರಿಗೂ, ಎರಡೂ ಬಗೆಯ ಪಾರ್ಶ್ವವಾಯುವಿಗೂ ಪ್ರಯೋಜನ ಕೊಡುವುದು ಈ ಘಟಕ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ 19 ಘಟಕಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ ಘಟಕದೊಳಗಿನ ಆರೈಕೆ ಎಷ್ಟು ಮುಖ್ಯ ಎಂಬುದಕ್ಕೆ ಗಟ್ಟಿ ಸಾಕ್ಷಿ. ಆಯ್ದ ಕೆಲವು ಘಟಕಗಳಲ್ಲಿ ನರ್ಸ್‌ಗಳು ಮೂರು ವಿಷಯಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದರು: ಜ್ವರ ಇಳಿಸುವುದು, ಸಕ್ಕರೆ ಹತೋಟಿಯಲ್ಲಿಡುವುದು, ನುಂಗುವ ಶಕ್ತಿ ಪರೀಕ್ಷಿಸದೆ ಬಾಯಿಗೆ ಏನನ್ನೂ ಹಾಕದಿರುವುದು. 90 ದಿನಗಳ ಹೊತ್ತಿಗೆ ಸಾವು ಅಥವಾ ಪರಾವಲಂಬನೆಗೆ ಗುರಿಯಾದವರು ಈ ಘಟಕಗಳಲ್ಲಿ 42%, ಉಳಿದವುಗಳಲ್ಲಿ 58%. ನುಂಗಲಾಗದವರಿಗೆ ಕುಡಿಸಿದ ಗುಟುಕು ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುವುದನ್ನು ನೆನೆದರೆ ಈ ಅಂತರ ಅಚ್ಚರಿಯದ್ದಲ್ಲ. ಆನಂತರ ಈ ಕ್ರಮವನ್ನು ರಾಜ್ಯದ ಎಲ್ಲ 36 ಪಾರ್ಶ್ವವಾಯು ಸೇವೆಗಳಿಗೂ ವಿಸ್ತರಿಸಲಾಯಿತು. ಅದಕ್ಕೆ ಬೇಕಾದದ್ದು ತರಬೇತಿ ಮತ್ತು ಮೇಲಿನವರ ಆದೇಶ, ಹೊಸ ಕಟ್ಟಡವಲ್ಲ.

ಕೊನೆಯ ಕೊಂಡಿ ಪುನಶ್ಚೇತನ. ಇಲ್ಲಿ ಅಗ್ಗದ ದಾರಿ ಹುಡುಕಿದ ಒಂದು ಮಹತ್ವದ ಪ್ರಯತ್ನ ಭಾರತದ್ದೇ. 14 ಕೇಂದ್ರಗಳಲ್ಲಿ 1,250 ರೋಗಿಗಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ‘ಅಟೆಂಡ್’ ಪ್ರಯೋಗ, ಮನೆಯವರಿಗೇ ವ್ಯಾಯಾಮ ಕಲಿಸಿಕೊಟ್ಟರೆ ಫಲ ಹೆಚ್ಚುವುದೇ ಎಂದು ಪರೀಕ್ಷಿಸಿತು. ಹೆಚ್ಚಲಿಲ್ಲ. ತರಬೇತಾದ ಚಿಕಿತ್ಸಕರ ಕೊರತೆಯನ್ನು ಕುಟುಂಬದ ಹೆಗಲಿಗೆ ದಾಟಿಸಿ ನೀಗಿಸಿಕೊಳ್ಳಲಾಗದು ಎಂಬುದನ್ನು ಯೋಜನೆ ಹಾಕುವವರು ಇದರಿಂದ ತಿಳಿಯಬೇಕು.

ಬಗೆಗಳು

ಕೇಂದ್ರೀಕೃತ ಮಾದರಿಯಲ್ಲಿ ಶಂಕಿತ ರೋಗಿಗಳೆಲ್ಲರನ್ನೂ ಆಯ್ದ ಕೆಲವೇ ಆಸ್ಪತ್ರೆಗಳಿಗೆ ನೇರವಾಗಿ ಒಯ್ಯುತ್ತಾರೆ. ಒತ್ತಾಗಿ ಜನ ನೆಲೆಸಿರುವ ನಗರಗಳಿಗೆ ಇದು ಹೊಂದುತ್ತದೆ. ಕೇಂದ್ರ-ಕವಲು ಮಾದರಿಯಲ್ಲಿ ಸಣ್ಣ ಆಸ್ಪತ್ರೆಯ ವೈದ್ಯರು ದೂರದ ತಜ್ಞರೊಂದಿಗೆ ವಿಡಿಯೋ ಮೂಲಕ ಸಮಾಲೋಚಿಸಿ ಅಲ್ಲೇ ಔಷಧ ಕೊಡುತ್ತಾರೆ. ಅಮೆರಿಕದ ಜಾರ್ಜಿಯಾ, ಜರ್ಮನಿಯ ಬವೇರಿಯಾ ರಾಜ್ಯಗಳಲ್ಲಿ ಇಂಥ ಟೆಲಿಸ್ಟ್ರೋಕ್ ಜಾಲಗಳು 2003ರ ಸುಮಾರಿಗೆ ಶುರುವಾದವು. ಸಂಚಾರಿ ಮಾದರಿಯಲ್ಲಿ ಸಿ.ಟಿ. ಯಂತ್ರವೇ ಆಂಬ್ಯುಲೆನ್ಸ್ ಏರುತ್ತದೆ. ಜರ್ಮನಿಯ ಸಾರ್‌ಲ್ಯಾಂಡ್ ರಾಜ್ಯದ ಹೋಂಬುರ್ಗ್‌ನಲ್ಲಿ 2008ರಲ್ಲಿ ಇದು ಮೊದಲಿಗೆ ಬಳಕೆಗೆ ಬಂತು. ದುಬಾರಿಯಾದ್ದರಿಂದ ಇದರ ಹರವು ಸೀಮಿತ.

ಫಲಿತಾಂಶದ ಪುರಾವೆ

ನ್ಯೂಯಾರ್ಕ್ ರಾಜ್ಯ ಮೊದಲು ಬ್ರೂಕ್ಲಿನ್ ಮತ್ತು ಕ್ವೀನ್ಸ್‌ಗಳಲ್ಲಿ ಪ್ರಯೋಗ ನಡೆಸಿ, ಬಳಿಕ ರಾಜ್ಯದಾದ್ಯಂತ ಪಾರ್ಶ್ವವಾಯು ಕೇಂದ್ರಗಳನ್ನು ಗೊತ್ತುಪಡಿಸಿತು. 2005–06ರಲ್ಲಿ ದಾಖಲಾದ 30,947 ರೋಗಿಗಳ ಅಧ್ಯಯನದಲ್ಲಿ, 30 ದಿನಗಳೊಳಗಿನ ಸಾವು ಗೊತ್ತುಪಡಿಸಿದ ಕೇಂದ್ರಗಳಲ್ಲಿ 10.1%, ಉಳಿದ ಆಸ್ಪತ್ರೆಗಳಲ್ಲಿ 12.5% ಎಂದು ಕಂಡುಬಂತು. ಕರಗಿಸುವ ಚಿಕಿತ್ಸೆ ಪಡೆದವರ ಪ್ರಮಾಣ ಕ್ರಮವಾಗಿ 4.8% ಮತ್ತು 1.7%. ಮನ್ನಣೆ ಪಡೆದ ಆಸ್ಪತ್ರೆಗಳು ಮೊದಲಿನಿಂದಲೂ ಒಳ್ಳೆಯವೇ ಆಗಿದ್ದಿರಬಹುದು, ನೀತಿಗೇಕೆ ಶ್ರೇಯ ಎಂಬ ಸಂದೇಹ ಇಲ್ಲಿ ಸಹಜ. ಅದನ್ನು ಅಧ್ಯಯನಕಾರರೇ ಪರೀಕ್ಷಿಸಿದರು. ಅದೇ ಆಸ್ಪತ್ರೆಗಳಿಗೆ ಹೃದಯಾಘಾತ ಅಥವಾ ಜೀರ್ಣಾಂಗದ ರಕ್ತಸ್ರಾವದಿಂದ ಬಂದವರ ಸಾವಿನ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಅಂಥ ವ್ಯತ್ಯಾಸ ಇರಲಿಲ್ಲ. ಸುಧಾರಣೆ ಪಾರ್ಶ್ವವಾಯುವಿಗೆ ಮಾತ್ರ ಸೀಮಿತವಾಗಿತ್ತು ಎಂದ ಮೇಲೆ ಅದರ ಮೂಲ ಪಾರ್ಶ್ವವಾಯುವಿನ ಏರ್ಪಾಡಿನಲ್ಲೇ ಇದ್ದಿರಬೇಕು.

ಇನ್ನೂ ಬೋಧಪ್ರದವಾದ ಹೋಲಿಕೆ ಇಂಗ್ಲೆಂಡಿನದು. ಲಂಡನ್ ಮತ್ತು ಗ್ರೇಟರ್ ಮ್ಯಾಂಚೆಸ್ಟರ್ ಎರಡೂ 2010ರಲ್ಲಿ ತಮ್ಮ ಪಾರ್ಶ್ವವಾಯು ಸೇವೆಯನ್ನು ಪುನರ್ರಚಿಸಿದವು. ಇವು ರಾಜ್ಯಗಳಲ್ಲವಾದರೂ ಪ್ರಾದೇಶಿಕ ಆರೋಗ್ಯಾಡಳಿತದ ತೀರ್ಮಾನ ಎಷ್ಟು ದೂರ ಹೋಗಬೇಕು ಎಂಬ ಪ್ರಶ್ನೆಗೆ ಇವೆರಡು ಒಟ್ಟಾಗಿ ಉತ್ತರ ಕೊಡುತ್ತವೆ. ಲಂಡನ್‌ನಲ್ಲಿ 30ರಷ್ಟು ಆಸ್ಪತ್ರೆಗಳಲ್ಲಿ ಹರಡಿದ್ದ ತುರ್ತು ಆರೈಕೆಯನ್ನು 8 ಅತಿತುರ್ತು ಘಟಕಗಳಿಗೆ ತಂದು, ಶಂಕಿತ ರೋಗಿಗಳೆಲ್ಲರೂ ಅಲ್ಲಿಗೇ ಹೋಗಬೇಕು ಎಂದರು. ಮ್ಯಾಂಚೆಸ್ಟರ್‌ನಲ್ಲಿ ಸ್ಥಳೀಯ ವಿರೋಧಕ್ಕೆ ಮಣಿದು, ಕಾಯಿಲೆ ಶುರುವಾಗಿ 4 ಗಂಟೆ ಮೀರದವರು ಮಾತ್ರ ಅತಿತುರ್ತು ಘಟಕಕ್ಕೆ, ಉಳಿದವರು ಹತ್ತಿರದ ಆಸ್ಪತ್ರೆಗೆ ಎಂದು ನಿರ್ಧರಿಸಿದರು. 2014ರಲ್ಲಿ ಬಂದ ಮೌಲ್ಯಮಾಪನದಂತೆ, ಇಂಗ್ಲೆಂಡಿನ ಉಳಿದ ಭಾಗದ ಸುಧಾರಣೆಯನ್ನು ಕಳೆದ ಮೇಲೂ ಲಂಡನ್‌ನಲ್ಲಿ 90 ದಿನಗಳ ಸಾವಿನ ಪ್ರಮಾಣ ಶೇಕಡಾ 1.1 ಅಂಶ ತಗ್ಗಿತ್ತು. ಮ್ಯಾಂಚೆಸ್ಟರ್‌ನಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಆಸ್ಪತ್ರೆವಾಸದ ಅವಧಿ ಎರಡೂ ಕಡೆ ಕಡಿಮೆಯಾಗಿತ್ತು. 2015ರಲ್ಲಿ ಮ್ಯಾಂಚೆಸ್ಟರ್ 4 ಗಂಟೆಯ ನಿರ್ಬಂಧ ತೆಗೆದ ಮೇಲೆ ಅಲ್ಲಿಯೂ ಅತಿತುರ್ತು ಘಟಕ ಸೇರಿದವರಲ್ಲಿ ಸಾವು ಇಳಿಯಿತು. ಇಂಥವರನ್ನು ಇಲ್ಲಿಗೆ, ಅಂಥವರನ್ನು ಅಲ್ಲಿಗೆ ಎಂದು ವಿಂಗಡಿಸುವ ನಿಯಮ ಆಂಬ್ಯುಲೆನ್ಸ್ ಸಿಬ್ಬಂದಿಯ ಮೇಲೆ ರಸ್ತೆಬದಿಯಲ್ಲಿ ತೀರ್ಮಾನದ ಹೊರೆ ಹೊರಿಸುತ್ತದೆ. ಸರಳ ನಿಯಮವನ್ನು ಪಾಲಿಸುವುದೂ ಸುಲಭ.

ಆಕ್ಷೇಪಗಳು

ಲಂಡನ್‌ನ ಪಾಠ ಹಳ್ಳಿಗಾಡಿಗೆ ಒಗ್ಗದು ಎಂಬುದು ಮೊದಲ ಆಕ್ಷೇಪ, ಮತ್ತು ಅದು ನ್ಯಾಯವಾದದ್ದು. ಲಂಡನ್‌ನ ವಿನ್ಯಾಸ ನಿಂತದ್ದೇ ಅರ್ಧ ಗಂಟೆಯ ಆಂಬ್ಯುಲೆನ್ಸ್ ದಾರಿಯ ಮೇಲೆ. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2017ರಿಂದ 2020ರವರೆಗೆ ನಡೆದ ಪ್ರಯೋಗ, ದೊಡ್ಡ ನಾಳ ಕಟ್ಟಿಕೊಂಡಿರಬಹುದಾದ ಗ್ರಾಮೀಣ ರೋಗಿಗಳನ್ನು ನೇರವಾಗಿ ಥ್ರಾಂಬೆಕ್ಟಮಿ ಕೇಂದ್ರಕ್ಕೆ ಒಯ್ಯುವುದು ಮೇಲೋ, ಮೊದಲು ಹತ್ತಿರದ ಕೇಂದ್ರಕ್ಕೆ ಒಯ್ಯುವುದು ಮೇಲೋ ಎಂದು ಹೋಲಿಸಿ ನೋಡಿತು. 90 ದಿನಗಳ ನಂತರದ ಸ್ಥಿತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಸಂಯೋಜನೆಯ ವಿರುದ್ಧದ ಸಾಕ್ಷಿಯಾಗಿ ಓದುವುದು ತಪ್ಪು. ಕ್ಯಾಟಲೋನಿಯಾದಲ್ಲಿ 2006ರಿಂದಲೇ ಶಂಕೆ ಬಂದೊಡನೆ ಆಂಬ್ಯುಲೆನ್ಸ್ ಮತ್ತು ಆಸ್ಪತ್ರೆಗಳನ್ನು ಎಚ್ಚರಿಸುವ ಪ್ರಾಂತ್ಯವ್ಯಾಪಿ ‘ಪಾರ್ಶ್ವವಾಯು ಸಂಕೇತ’ ಪದ್ಧತಿ ಇದೆ; ಅಲ್ಲಿನ ಸ್ಥಳೀಯ ಕೇಂದ್ರಗಳು ಬೇಗ ಔಷಧ ಕೊಟ್ಟು ಬೇಗ ಮುಂದಕ್ಕೆ ಕಳಿಸಲು ಪಳಗಿವೆ. ಹತ್ತಿರದ ಆಸ್ಪತ್ರೆ ದೂರದ್ದಕ್ಕೆ ಸಮನಾದದ್ದು ಆ ಜಾಲದ ಭಾಗವಾಗಿದ್ದರಿಂದ.

ಹಣವನ್ನು ಚಿಕಿತ್ಸೆಗಿಂತ ಕಾಯಿಲೆ ತಡೆಗಟ್ಟುವುದಕ್ಕೆ ಹಾಕಬೇಕು ಎಂಬುದು ಎರಡನೆಯದು. ತಡೆಯಬಹುದಾದ ಕಾರಣಗಳಲ್ಲಿ ಅಧಿಕ ರಕ್ತದೊತ್ತಡವೇ ಮುಂಚೂಣಿಯಲ್ಲಿರುವುದರಿಂದ ಈ ವಾದಕ್ಕೆ ತೂಕವಿದೆ. ಆದರೆ ಎರಡನ್ನೂ ಎದುರಾಳಿಗಳಾಗಿ ನಿಲ್ಲಿಸಬೇಕಾಗಿಲ್ಲ. ಪಾರ್ಶ್ವವಾಯುವಿನಿಂದ ಬದುಕುಳಿದವರೇ ಮತ್ತೊಂದು ಪಾರ್ಶ್ವವಾಯುವಿಗೆ ಅತಿ ಹತ್ತಿರದಲ್ಲಿರುವವರು. ಅವರ ಬಿ.ಪಿ. ಮಾತ್ರೆ ನಿಲ್ಲದಂತೆ ನೋಡಿಕೊಳ್ಳುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸ. ಯಾರು ಬಿಡುಗಡೆಯಾಗಿ ಯಾವ ಊರಿಗೆ ಹೋದರು ಎಂದು ಆ ಕೇಂದ್ರಕ್ಕೆ ತಿಳಿಸುವುದು ಜಾಲದ ಕೆಲಸ. ವಿಮೆ ಇದ್ದರೆ ಸಾಕಲ್ಲವೇ ಎಂಬ ಮೂರನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ವಿಮೆ ಆಸ್ಪತ್ರೆಯೊಳಗೆ ನಡೆದ ಚಿಕಿತ್ಸೆಯ ಬಿಲ್ಲಿಗೆ ಹಣ ಕೊಡುತ್ತದೆ. ದಾರಿಯಲ್ಲಿ ಉಳಿದ ನಿಮಿಷಗಳಿಗೆ ಯಾರೂ ಬಿಲ್ಲು ಹಾಕುವುದಿಲ್ಲ.

ಭಾರತದಲ್ಲಿ

ಸಂವಿಧಾನದ ಏಳನೆಯ ಅನುಸೂಚಿಯಂತೆ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಯ 6ನೆಯ ವಿಷಯ. ಕೇಂದ್ರ ಸರ್ಕಾರ 2010ರಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯುಗಳಿಗೆ ಸೇರಿಸಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತಾದರೂ ಅದು ಇಳಿಯಬೇಕಾದ ನೆಲ ರಾಜ್ಯಗಳದು. ಕೇರಳ ‘ಶಿರಸ್’ ಹೆಸರಿನ ಕಾರ್ಯಕ್ರಮದಡಿ ಜಿಲ್ಲಾಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಪಾರ್ಶ್ವವಾಯು ಘಟಕ ತೆರೆದು ಕರಗಿಸುವ ಚಿಕಿತ್ಸೆಯನ್ನು ಉಚಿತವಾಗಿ ಕೊಡತೊಡಗಿತು. ನರರೋಗ ತಜ್ಞರು ತೀರ ಕಡಿಮೆಯಿರುವ ಹಿಮಾಚಲ ಪ್ರದೇಶ 2014ರಲ್ಲಿ, ಸಿ.ಟಿ. ಇರುವ ಆಸ್ಪತ್ರೆಗಳನ್ನು ಶಿಮ್ಲಾ ಮತ್ತು ಟಾಂಡಾದ ವೈದ್ಯಕೀಯ ಕಾಲೇಜುಗಳಿಗೆ ಜೋಡಿಸಿತು. ವಿಶೇಷ ಉಪಕರಣಗಳ ಬದಲು ವೈದ್ಯರ ಕೈಯಲ್ಲಿದ್ದ ಸ್ಮಾರ್ಟ್‌ಫೋನುಗಳಲ್ಲೇ ಸ್ಕ್ಯಾನ್ ಚಿತ್ರ ಕಳಿಸಿ, ಬೆಟ್ಟದೂರುಗಳಲ್ಲಿ ತಜ್ಞರಿಲ್ಲದೆಯೇ ಔಷಧ ಕೊಟ್ಟರು. ತಮಿಳುನಾಡು ತನ್ನ ಅಪಘಾತ ಮತ್ತು ತುರ್ತು ಆರೈಕೆ ಯೋಜನೆಯಲ್ಲಿ ಪಾರ್ಶ್ವವಾಯುವನ್ನೂ ಒಂದು ಅಂಗವಾಗಿ ಸೇರಿಸಿಕೊಂಡಿದೆ.

ಕರ್ನಾಟಕದಲ್ಲಿ ಬಿಡಿಭಾಗಗಳು ಇವೆ. 2008ರ ನವೆಂಬರ್‌ನಿಂದ ಆರೋಗ್ಯ ಕವಚ 108 ಆಂಬ್ಯುಲೆನ್ಸ್ ಇದೆ. ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ 2022ರಲ್ಲಿ ಆರಂಭವಾಗಿ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳನ್ನು ಗುರುತಿಸಲು ಸರ್ಕಾರಿ ವೈದ್ಯರಿಗೆ ತರಬೇತಿ ಕೊಟ್ಟಿದೆ. 2023ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ದೂರದ ತಜ್ಞರಿಗೆ ತೋರಿಸಿ, ಹೃದಯಾಘಾತವೆಂದು ಖಚಿತವಾದರೆ ಅಲ್ಲೇ ಟೆನೆಕ್ಟೆಪ್ಲೇಸ್ ಉಚಿತವಾಗಿ ಚುಚ್ಚುವ ಕೇಂದ್ರ-ಕವಲು ಜಾಲ. ಅದೇ ಜಾಲದಲ್ಲಿ, ಅದೇ ಔಷಧದಿಂದ ಪಾರ್ಶ್ವವಾಯುವನ್ನೂ ನೋಡಿಕೊಳ್ಳಬಹುದಲ್ಲ ಎನಿಸುವುದು ಸಹಜ. ಅಡ್ಡಬರುವುದು ಒಂದೇ ಯಂತ್ರ, ಸಿ.ಟಿ. ಇ.ಸಿ.ಜಿ. ಯಂತ್ರ ಮೇಜಿನ ಮೇಲೆ ಕೂರುತ್ತದೆ, ಆದರೆ ಪಾರ್ಶ್ವವಾಯುವಿನಲ್ಲಿ ಸಿ.ಟಿ. ಮಾಡದೆ ಈ ಔಷಧ ಕೊಡುವಂತಿಲ್ಲ, ಏಕೆಂದರೆ ರಕ್ತಸ್ರಾವವಿದ್ದವರಿಗೆ ಅದು ಪ್ರಾಣಾಂತಕ. ಆದ್ದರಿಂದ ಪಾರ್ಶ್ವವಾಯುವಿನ ಕವಲು ಎಲ್ಲ ತಾಲ್ಲೂಕುಗಳಿಗೂ ಚಾಚಲಾರದು. ಸಿ.ಟಿ. ರಾತ್ರಿಯೂ ನಡೆಯುವ ಆಸ್ಪತ್ರೆಗಳ ನಕ್ಷೆಯೊಂದನ್ನು ಮೊದಲು ಹಾಕಿ, 108 ವಾಹನ ಸಮೀಪದ ಆಸ್ಪತ್ರೆಯನ್ನು ಬಿಟ್ಟು ಸಮೀಪದ ಸಿ.ಟಿ.ಗೆ ಹೋಗಬೇಕೆಂಬ ನಿಯಮ ಮಾಡಬೇಕಾಗುತ್ತದೆ.

ರಾಜ್ಯದ ಗಡಿ

ರಾಜ್ಯಮಟ್ಟದ ನೀತಿಯ ನಿಜವಾದ ಮಿತಿ ರಾಜ್ಯದ ಎಲ್ಲೆಯೇ. ಬೀದರಿನವರಿಗೆ ಹತ್ತಿರದ ಮಹಾನಗರ ಹೈದರಾಬಾದ್, ಹೊಸೂರಿನವರಿಗೆ ಬೆಂಗಳೂರು, ಕಾಸರಗೋಡಿನವರು ದೊಡ್ಡ ಕಾಯಿಲೆಗೆಲ್ಲ ಮಂಗಳೂರಿಗೇ ಹೋಗುವುದು ರೂಢಿ. ಈಶಾನ್ಯ ಅಮೆರಿಕದ ಎಂಟು ರಾಜ್ಯಗಳು ಇದೇ ಕಾರಣಕ್ಕೆ ಪಾರ್ಶ್ವವಾಯುವಿಗಾಗಿ ಒಂದು ಒಕ್ಕೂಟ ಮಾಡಿಕೊಂಡಿವೆ. ಭಾರತದಲ್ಲಿ ಈ ಪ್ರಶ್ನೆ ಎದ್ದುಕಂಡದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಮತ್ತು ಕೇರಳದ ನಡುವಿನ ತಲಪಾಡಿ ಗಡಿ ಮುಚ್ಚಿ ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗಳನ್ನು ತಲುಪಲಾಗದೆ ಹೋದಾಗ ವಿವಾದ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ತುರ್ತು ರೋಗಿಗಳನ್ನು ಬಿಡುವ ಕ್ರಮವೊಂದನ್ನು ಎರಡು ರಾಜ್ಯಗಳು ಒಪ್ಪಿಕೊಂಡ ಮೇಲೆ ಏಪ್ರಿಲ್‌ನಲ್ಲಿ ಅದು ಬಗೆಹರಿಯಿತು. ಪಾರ್ಶ್ವವಾಯುವಿಗೆ ಅಂಥ ಒಪ್ಪಂದ ಮಾಮೂಲಿ ದಿನಗಳಲ್ಲೂ ಬೇಕು: ಯಾವ ರಾಜ್ಯದ ಆಂಬ್ಯುಲೆನ್ಸ್ ಎಲ್ಲಿಯವರೆಗೆ ಬರಬಹುದು, ಚಿಕಿತ್ಸೆಯ ವೆಚ್ಚ ಯಾವ ರಾಜ್ಯದ ಯೋಜನೆಗೆ ಸೇರುತ್ತದೆ, ಬಿಡುಗಡೆಯಾದ ರೋಗಿಯ ಮಾಹಿತಿ ಗಡಿಯಾಚೆಯ ಆರೋಗ್ಯ ಕೇಂದ್ರಕ್ಕೆ ಯಾರು ತಲುಪಿಸುತ್ತಾರೆ ಎಂಬ ಮೂರು ವಿವರಗಳು ಅದರಲ್ಲಿ ಬರೆದಿರಬೇಕು.